ಬರೆಯಲು ಬಾರದವಳು ಹೊಲಿದ ಪತ್ರ

ನಮ್ಮ ನಾನಿಯ ಟ್ರಂಕಿನಲ್ಲಿ ಹಳೆಯ ದಿಂಬಿನ ಕವರುಗಳಿವೆ. ಮೂಲೆಯಲ್ಲಿ ಕೆಂಪು ದಾರದಲ್ಲಿ ಅವರ ಹೆಸರಿನ ಮೊದಲ ಅಕ್ಷರ. ಅದು ಬರೀ ಚಂದಕ್ಕೆ ಎಂದುಕೊಂಡಿದ್ದೆ. ಇಂಗ್ಲೆಂಡಿನ ಸ್ಯಾಂಪ್ಲರ್‌ಗಳ ಬಗ್ಗೆ ಓದಿದ ಮೇಲೆ ಅವನ್ನು ಮತ್ತೆ ತೆಗೆದು ನೋಡಿದೆ.

ಸ್ಯಾಂಪ್ಲರ್ ಎಂದರೆ ಹೊಲಿಗೆಯ ಅಭ್ಯಾಸದ ಬಟ್ಟೆ. ಇಸವಿ ಹಾಕಿರುವ ಇಂಗ್ಲಿಷ್ ಸ್ಯಾಂಪ್ಲರ್‌ಗಳಲ್ಲಿ ಅತಿ ಹಳೆಯದು 1598ರದು, ಜೇನ್ ಬಾಸ್ಟಾಕ್ ಎಂಬಾಕೆಯ ಕೆಲಸ. ಆಗ ಅದು ನಮೂನೆಗಳನ್ನು ಹೊಲಿದು ಇಟ್ಟುಕೊಳ್ಳುವ ಬಟ್ಟೆ. ಮುಂದೆ ಹುಡುಗಿಯರ ಶಾಲೆಯ ಪಾಠವಾಯಿತು. ಎಂಟು, ಒಂಬತ್ತು ವರ್ಷದವರು ಅಕ್ಷರಮಾಲೆ, ಅಂಕಿಗಳು, ಕೊನೆಗೆ ತಮ್ಮ ಹೆಸರು, ವಯಸ್ಸು ಹೊಲಿಯುತ್ತಿದ್ದರು. ಹೆಚ್ಚಾಗಿ ಕ್ರಾಸ್ ಸ್ಟಿಚ್. ಧಾರವಾಡದ ಕಸೂತಿಯಲ್ಲಿ ಮೆಂತೆ ಎನ್ನುತ್ತಾರಲ್ಲ, ಅದೇ.

ಅಕ್ಷರ, ಅಂಕಿ ಯಾಕೆ? ಕಾಮರ್ಸ್‌ನವಳಾದ ನನಗೆ ಇಷ್ಟವಾದದ್ದು ಈ ಉತ್ತರ. ದೊಡ್ಡ ಮನೆಗಳಲ್ಲಿ ಪ್ರತಿ ಹಾಸಿಗೆ ಬಟ್ಟೆಗೂ ಒಡೆಯರ ಹೆಸರಿನ ಅಕ್ಷರ ಮತ್ತು ನಂಬರ್ ಹೊಲಿಯಬೇಕಿತ್ತು. ಒಗೆಯಲು ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಎಣಿಸಲು. ನಮ್ಮ ಸ್ಟಾಕ್ ರಿಜಿಸ್ಟರ್ ಇದ್ದಹಾಗೆ! ಬ್ರಿಸ್ಟಲ್‌ನ ಅನಾಥಾಲಯದ ಹುಡುಗಿಯರು ಕೆಂಪು ದಾರದಲ್ಲಿ ಹೊಲಿದ ಪುಟ್ಟ ಪುಟ್ಟ ಅಕ್ಷರಗಳು ಈಗ ಪ್ರಸಿದ್ಧ. ಮನೆಗೆಲಸಕ್ಕೆ ಸೇರುವಾಗ ಅವರಿಗೆ ಅದೇ ಬಯೋಡೇಟಾ.

ಆದರೆ ಒಬ್ಬಳು ಈ ಬಟ್ಟೆಯನ್ನು ಬೇರೆಯದಕ್ಕೇ ಬಳಸಿದಳು. ಸಸೆಕ್ಸ್‌ನ ಎಲಿಜಬೆತ್ ಪಾರ್ಕರ್ ಹುಟ್ಟಿದ್ದು 1813ರಲ್ಲಿ, ತಂದೆ ಕೂಲಿಕಾರ. ಹದಿಮೂರಕ್ಕೇ ಮನೆಗೆಲಸಕ್ಕೆ ಹೋದಳು. ಸುಮಾರು 1830ರಲ್ಲಿ, ಅಂದರೆ ಹೆಚ್ಚು ಕಡಿಮೆ ನನ್ನ ವಯಸ್ಸಿನಲ್ಲಿ, ಬಿಳಿ ಲಿನನ್ ಮೇಲೆ ಕೆಂಪು ರೇಷ್ಮೆ ದಾರದಲ್ಲಿ ತನ್ನ ಕಥೆ ಹೊಲಿದಳು. ಹೂವಿಲ್ಲ, ಹಕ್ಕಿಯಿಲ್ಲ, ಬರೀ ಸಾಲುಗಳು. ತನಗೆ ಬರೆಯಲು ಬರುವುದಿಲ್ಲ ಎಂದೇ ಆರಂಭ. ಕೆಲಸದ ಮನೆಯ ಯಜಮಾನನ ಕ್ರೌರ್ಯ, ಯಾರಿಗೂ ಹೇಳಲಾಗದ ಭಯ, ಬದುಕೇ ಬೇಡವೆನಿಸಿದ ದಿನಗಳು, ಎಲ್ಲವೂ ಇವೆ. ಒಂದು ವಾಕ್ಯದ ನಡುವೆಯೇ ಹೊಲಿಗೆ ನಿಂತಿದೆ. ಕೆಳಗೆ ಖಾಲಿ ಬಟ್ಟೆ. ಅದೀಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಬಡ ಹುಡುಗಿಯರಿಗೆ ಓದು, ಹೊಲಿಗೆ ಕಲಿಸಿದರೂ ಬರವಣಿಗೆ ಕಲಿಸದೆ ಬಿಡುವುದು ಆಗ ಸಾಮಾನ್ಯ. ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಪೆನ್ನು ಕೊಡದಿದ್ದವರು ಸೂಜಿಯಿಂದ ಭಯಪಡಲಿಲ್ಲ!

ನಾನಿಗೆ ಈ ಕಥೆಯನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. "ಫಿರ್ ಕ್ಯಾ ಹುವಾ ಉಸ್ಕಾ?" ಎಂದರು. ಆಕೆ ಮುಂದೆ ಶಾಲೆಯಲ್ಲಿ ಟೀಚರ್ ಆದಳು, ಎಪ್ಪತ್ತು ದಾಟಿ ಬದುಕಿದಳು ಎಂದೆ. ನಾನಿ ಕವರಿನ ಅಕ್ಷರದ ಮೇಲೆ ಬೆರಳಾಡಿಸುತ್ತಾ, ಇದೊಂದಕ್ಕೇ ನನಗೆ ಒಂದು ಮಧ್ಯಾಹ್ನ ಹಿಡಿದಿತ್ತು ಎಂದರು.