ಕಲ್ಲು ಹುಟ್ಟಿದ ಆಳ

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಕಲ್ಲಿನ ಗೊಡವೆ ಏಕೆಂದು ತಾವು ಕೇಳಬಹುದು. ಕಾರಣ, ನಾನೇ ಮಾಡಿದ ಒಂದು ತಪ್ಪು. ಮೈಸೂರಿನ ರೈಲಿನಿಂದ ಕಾಣುವ ರಾಮನಗರದ ಬಂಡೆಬೆಟ್ಟಗಳು ಎಂದೋ ಜ್ವಾಲಾಮುಖಿ ಉಗುಳಿದ ಗುಂಡುಗಳೆಂದು ನಂಬಿದ್ದೆ; ತರಗತಿಯಲ್ಲಿ ಹಾಗೆಯೇ ಹೇಳಿಯೂ ಇದ್ದೆ. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಮಿತ್ರರೊಬ್ಬರು ಕೇಳಿ ನಕ್ಕರು. "ಉಗುಳಿದ್ದಲ್ಲ ಸ್ವಾಮಿ, ಹೊರಬರಲಾರದೆ ಒಳಗೇ ಹೆಪ್ಪುಗಟ್ಟಿದ್ದು" ಎಂದರು.

ಎಷ್ಟು ಒಳಗೆ? ಗ್ರಾನೈಟಿನ ದಪ್ಪ ಹರಳುಗಳು ಶಿಲಾಪಾಕವು ನಿಧಾನವಾಗಿ ತಣಿಯಿತೆಂದು ಹೇಳುತ್ತವೆಯೇ ಹೊರತು ಆಳದ ಲೆಕ್ಕ ಕೊಡವು. ಆ ಲೆಕ್ಕ ಇರುವುದು ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜದಲ್ಲಿ. ಮೇಲಿನ ಬಂಡೆಯ ಭಾರ ಹೆಚ್ಚಿದಷ್ಟೂ ಅದರ ಹರಳಿನೊಳಗೆ ಸಿಲಿಕಾನ್ ಮತ್ತು ಮೆಗ್ನೀಷಿಯಂ ಪರಮಾಣುಗಳು ಜಾಗ ಬಿಟ್ಟುಕೊಟ್ಟು, ಅಲ್ಲಿ ಅಲ್ಯೂಮಿನಿಯಂ ಬಂದು ಕೂರುತ್ತದೆ. 1986ರಲ್ಲಿ ಹ್ಯಾಮರ್‌ಸ್ಟ್ರಾಮ್ ಮತ್ತು ಝೆನ್ ಎಂಬ ವಿಜ್ಞಾನಿಗಳು ಈ ಸಂಬಂಧವನ್ನು ಸೂತ್ರವಾಗಿಸಿದರು. 1992ರಲ್ಲಿ ಷ್ಮಿಟ್ ಪ್ರಯೋಗಶಾಲೆಯಲ್ಲಿ ಕಲ್ಲನ್ನು ಒತ್ತಡದಲ್ಲಿ ಕಾಯಿಸಿ ಅದನ್ನು ತಿದ್ದಿದರು.

ಲೆಕ್ಕ ಸರಳ. ಇಲೆಕ್ಟ್ರಾನ್ ಕಿರಣವನ್ನು ಹರಳಿನ ಮೇಲೆ ಹಾಯಿಸಿ, 23 ಆಮ್ಲಜನಕ ಪರಮಾಣುಗಳಿಗೆ ಎಷ್ಟು ಅಲ್ಯೂಮಿನಿಯಂ ಎಂದು ಅಳೆಯುತ್ತಾರೆ. ಆ ಸಂಖ್ಯೆಯನ್ನು 4.76ರಿಂದ ಗುಣಿಸಿ 3.01 ಕಳೆದರೆ ಒತ್ತಡವು ಕಿಲೋಬಾರುಗಳಲ್ಲಿ ದೊರೆಯುತ್ತದೆ. ಅಲ್ಯೂಮಿನಿಯಂ 1.5 ಇದ್ದರೆ ಒತ್ತಡ 4.1. ಒಂದು ಕಿಲೋಬಾರೆಂದರೆ ಸುಮಾರು 3.7 ಕಿಲೋಮೀಟರು ಬಂಡೆಯ ಭಾರ. ಅಂದರೆ ಆ ಕಲ್ಲು ಹೆಪ್ಪುಗಟ್ಟಿದ್ದು ಸುಮಾರು 15 ಕಿಲೋಮೀಟರು ಆಳದಲ್ಲಿ. ಎರಡು ಕಿಲೋಮೀಟರು ಹೆಚ್ಚುಕಡಿಮೆಯಾದರೆ ತಕರಾರಿಲ್ಲ.

ಆದರೆ ಈ ಸಾಕ್ಷಿ ನಿಬಂಧನೆಗಳಿಲ್ಲದೆ ಬಾಯಿ ಬಿಡುವುದಿಲ್ಲ. ಅಲ್ಯೂಮಿನಿಯಂ ಒತ್ತಡಕ್ಕೆ ಮಾತ್ರವಲ್ಲ, ಬಿಸಿಗೂ ಮಣಿಯುತ್ತದೆ. ಹರಳಿನ ನಡುಭಾಗ ಮೊದಲೇ, ಹೆಚ್ಚು ಬಿಸಿಯಲ್ಲಿ ಬೆಳೆದಿರುತ್ತದೆ. ಅದನ್ನು ಅಳೆದರೆ ಆಳ ಉತ್ಪ್ರೇಕ್ಷೆಯಾಗುತ್ತದೆ. ಆದ್ದರಿಂದ ಕೊನೆಯ ಹನಿ ಪಾಕ ಗಟ್ಟಿಯಾಗುವಾಗ ಬೆಳೆದ ಅಂಚನ್ನೇ ಅಳೆಯಬೇಕು. ಜೊತೆಗೆ ಬೆಣಚು, ಎರಡು ಬಗೆಯ ಫೆಲ್ಡ್‌ಸ್ಪಾರ್, ಕರಿ ಅಭ್ರಕ, ಟೈಟನೈಟ್, ಕಬ್ಬಿಣದ ಅದಿರಿನ ಕಣ, ಇವೆಲ್ಲ ಸಾಕ್ಷಿಗೆ ಹಾಜರಿರಬೇಕು. ಒಂದೇ ಹಾಳೆಯನ್ನು ಓದಿ ಕಾವ್ಯದ ಪಾಠ ನಿರ್ಣಯಿಸುವವರು ಈ ಶಿಸ್ತನ್ನು ಕಲಿಯಬಹುದಿತ್ತು, ಇರಲಿ.

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರಿನ ಗ್ರಾನೈಟು ಅಲ್ಲಿಂದ ಉತ್ತರದ ಬಳ್ಳಾರಿ ಸೀಮೆಯತ್ತ ಸುಮಾರು 400 ಕಿಲೋಮೀಟರು ಹಬ್ಬಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಭೂತೊಗಟೆ ಇಲ್ಲಿ ಓರೆಯಾಗಿ ಸವೆದಿರುವುದರಿಂದ, ಸುತ್ತಲಿನ ಶಿಲೆಗಳ ಖನಿಜಗಳನ್ನೂ ಸೇರಿಸಿ ನೋಡಿದರೆ, ದಕ್ಷಿಣದಲ್ಲಿ ಕಾಣುವುದು ಆಳದ ಭಾಗ, ಉತ್ತರದಲ್ಲಿ ಮೇಲಿನ ಭಾಗ. ಬೆಂಗಳೂರಿನಿಂದ ಬಳ್ಳಾರಿಗೆ ಸಪಾಟಾಗಿ ಪ್ರಯಾಣ ಮಾಡುವವರು, ಭೂಮಿಯ ಲೆಕ್ಕದಲ್ಲಿ, ನೆಲಮಾಳಿಗೆಯಿಂದ ಮೇಲಕ್ಕೆ ಹತ್ತುತ್ತಿರುತ್ತಾರೆ!

ಇಷ್ಟು ತಿಳಿದ ಮೇಲೆ ನಾನೂ ರಾಮನಗರದಿಂದ ಗುಲಾಬಿ ಬಣ್ಣದ ಒಂದು ಚೂರನ್ನು ತಂದು ಮಿತ್ರರ ಮುಂದಿಟ್ಟು, ಇದರ ಆಳ ಹೇಳಿ ಎಂದೆ. ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಅದರಲ್ಲಿದ್ದ ಕಪ್ಪೆಲ್ಲ ಅಭ್ರಕ. ಹಾರ್ನ್‌ಬ್ಲೆಂಡ್ ಒಂದು ಕಣವೂ ಇರಲಿಲ್ಲ. ಸಂಖ್ಯೆ ಹೇಳಲು ಅವರು ಒಪ್ಪಲಿಲ್ಲ. ಮುಂದಿನ ಸಲ, ಮಳೆಗಾಳಿಗೆ ಕೊಳೆಯದ ಹೊಸ ಮುಖವನ್ನು ಒಡೆಸಿ ತನ್ನಿ, ಎಲ್ಲಿಂದ ತಂದಿರೆಂದು ಬರೆದಿಡಿ ಎಂದಷ್ಟೆ ಹೇಳಿ ಕಲ್ಲನ್ನು ನನಗೆ ಹಿಂದಿರುಗಿಸಿದರು.