ವಿದ್ಯಾಪೀಠ ಮತ್ತು ಕೈಗಾರಿಕೆಗಳ ಸಹಕಾರ: ಚೀನದ ಮಾರ್ಗ, ನಮ್ಮ ಚಿನ್ನದ ಗಣಿಯ ಮಾರ್ಗ

ವಿಶ್ವವಿದ್ಯಾಲಯವು ಜ್ಞಾನವನ್ನು ಬೆಳೆಸುವ ಸ್ಥಾನ, ಕಾರ್ಖಾನೆಯು ವಸ್ತುವನ್ನು ತಯಾರಿಸುವ ಸ್ಥಾನ. ಒಂದಕ್ಕೂ ಮತ್ತೊಂದಕ್ಕೂ ಅಷ್ಟಾಗಿ ಸಂಬಂಧವಿಲ್ಲವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಇವೆರಡರ ಸಹಕಾರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಾಮಾನ್ಯವಾಗಿ ಎರಡೇ ಸಂಗತಿಗಳು. ಉದ್ಯಮಿಗಳು ಕಾಲೇಜಿಗೊಂದು ಕಟ್ಟಡವನ್ನು ಕಟ್ಟಿಸಿಕೊಡುವುದು ಒಂದು. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಸಂದರ್ಶಿಸಿ ಉದ್ಯೋಗಕ್ಕೆ ಆರಿಸಿಕೊಳ್ಳುವುದು ಇನ್ನೊಂದು. ಎರಡೂ ಸ್ತುತ್ಯರ್ಹವೇ. ಆದರೆ ಮೊದಲನೆಯದು ದಾನ, ಎರಡನೆಯದು ನೇಮಕಾತಿ. ಕಾರ್ಖಾನೆಯಲ್ಲಿ ಹುಟ್ಟಿದ ಪ್ರಶ್ನೆಯೊಂದು ಪ್ರಯೋಗಶಾಲೆಗೆ ಹೋಗಿ, ಅಲ್ಲಿ ದೊರೆತ ಉತ್ತರ ಮರಳಿ ಕಾರ್ಖಾನೆಗೆ ಬಂದಾಗ ಮಾತ್ರ ಅದನ್ನು ಸಹಕಾರವೆನ್ನಬಹುದು. ಇದನ್ನು ಎರಡು ನಿದರ್ಶನಗಳ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ. ಒಂದು ದೂರದ ಚೀನ ದೇಶದ್ದು, ಇನ್ನೊಂದು ನಮ್ಮ ಕೋಲಾರ ಜಿಲ್ಲೆಯದೇ.

ಅಚ್ಚುಮೊಳೆಗಳ ಕಾಲವನ್ನು ಕಂಡ ಹಿರಿಯರಿಗೆ ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಕಷ್ಟವನ್ನು ವಿವರಿಸಬೇಕಾಗಿಲ್ಲ. ಚೀನೀ ಭಾಷೆಯಲ್ಲಿ ಆ ಕಷ್ಟ ನೂರು ಪಾಲು ಅಧಿಕ. ಒಂದು ದಿನಪತ್ರಿಕೆಗೆ ಸಾವಿರಾರು ಬೇರೆ ಬೇರೆ ಅಕ್ಷರಗಳ ಮೊಳೆಗಳು ಬೇಕು. ಪೀಕಿಂಗ್ ವಿಶ್ವವಿದ್ಯಾಲಯದ ಅಧ್ಯಾಪಕ ವಾಂಗ್ ಶುವಾನ್ ಅವರು 1975ರಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಅಕ್ಷರದ ಹೊರರೇಖೆಯನ್ನು ಗಣಿತದ ಮೂಲಕ ಸಂಕ್ಷೇಪಿಸಿ ಗಣಕಯಂತ್ರದಲ್ಲಿ ಸಂಗ್ರಹಿಸುವುದು, ಬೇಕಾದಾಗ ಅದನ್ನು ವಿಸ್ತರಿಸಿ ಲೇಸರ್ ಕಿರಣದಿಂದ ಮೂಡಿಸುವುದು, ಇದು ಅವರ ವಿಧಾನ. ಅಧ್ಯಾಪಕರೂ ಯಂತ್ರನಿರ್ಮಾಪಕರೂ ಪತ್ರಿಕಾಲಯದವರೂ ವರ್ಷಗಟ್ಟಲೆ ಕೂಡಿ ದುಡಿದ ಫಲವಾಗಿ 1987ರಲ್ಲಿ ಅಲ್ಲಿನ 'ಆರ್ಥಿಕ ದೈನಿಕ' ಪತ್ರಿಕೆ ಸೀಸದ ಮೊಳೆಗಳ ಬದಲು ಈ ವಿಧಾನದಿಂದ ಅಚ್ಚಾಗತೊಡಗಿತು.

ಈ ಯಶಸ್ಸಿನ ಬೆನ್ನ ಮೇಲೆ ವಿಶ್ವವಿದ್ಯಾಲಯವೇ ಉದ್ಯಮಿಯಾಯಿತು. ಅದು 1986ರಲ್ಲಿ ಸ್ಥಾಪಿಸಿದ ಕಂಪನಿಯೇ ಮುಂದೆ 'ಫೌಂಡರ್' ಸಮೂಹವೆಂದು ಪ್ರಸಿದ್ಧಿ ಪಡೆಯಿತು. ಬೇರೆ ವಿಶ್ವವಿದ್ಯಾಲಯಗಳೂ ಇದೇ ದಾರಿ ಹಿಡಿದವು. 1988ರಲ್ಲಿ ಚೀನ ಸರ್ಕಾರ ಆರಂಭಿಸಿದ 'ಪಂಜು' ಎಂಬ ಯೋಜನೆಯು ಹೊಸ ತಂತ್ರಜ್ಞಾನದ ಉದ್ಯಮಗಳಿಗೆ ಪ್ರತ್ಯೇಕ ವಲಯಗಳನ್ನು ನಿರ್ಮಿಸಿ ಇದಕ್ಕೆ ಇಂಬುಕೊಟ್ಟಿತು. ಆದರೆ ಅಕ್ಷರ ಜೋಡಣೆಯಿಂದ ಹೊರಟ ಫೌಂಡರ್ ಕಾಲಕ್ರಮದಲ್ಲಿ ಉಕ್ಕು, ಆಸ್ಪತ್ರೆ, ಹಣಕಾಸು, ನಿವೇಶನಗಳ ವ್ಯವಹಾರಕ್ಕೂ ಕೈಚಾಚಿ, ಸಾಲದ ಭಾರಕ್ಕೆ ಕುಸಿದು, 2020ರಲ್ಲಿ ನ್ಯಾಯಾಲಯದ ಕಟ್ಟೆ ಹತ್ತಿತು. ಅದಕ್ಕೆ ಮೊದಲೇ, 2018ರಲ್ಲಿ, ವಿಶ್ವವಿದ್ಯಾಲಯಗಳು ಇಂಥ ಉದ್ಯಮಗಳಿಂದ ಹಿಂದೆ ಸರಿಯಬೇಕೆಂಬ ನೀತಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸಿತ್ತು. ವಿದ್ವಾಂಸರು ಕಾರ್ಖಾನೆಯೊಡನೆ ಕೂಡಿ ದುಡಿದದ್ದರಲ್ಲಿ ದೋಷವಿಲ್ಲ. ವಿದ್ಯಾಪೀಠವು ಜಾಮೀನುದಾರನ ಪಟ್ಟವನ್ನೂ ಹೊತ್ತದ್ದು ತೊಡಕಿಗೆ ಮೂಲವೆಂದು ನನಗೆ ತೋರುತ್ತದೆ.

ಇದಕ್ಕೆ ಭಿನ್ನವಾದ ಮಾರ್ಗವೊಂದು ನಮ್ಮ ಜಿಲ್ಲೆಯ ನೆಲದಡಿಯಲ್ಲೇ ನಡೆದದ್ದು ಬಹುಮಂದಿಗೆ ತಿಳಿಯದು. ಕೋಲಾರದ ಚಿನ್ನದ ಗಣಿಯೆಂದರೆ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಹರಿದುಬಂದ ವಿದ್ಯುತ್ತು, ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ, ಇಷ್ಟನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಆದರೆ ಆ ಆಳವನ್ನೇ ಪ್ರಯೋಗಶಾಲೆಯಾಗಿ ಬಳಸಿಕೊಂಡ ಭೌತವಿಜ್ಞಾನಿಗಳ ಕಥೆ ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ.

ಆಕಾಶದಿಂದ ಸದಾಕಾಲ ಭೂಮಿಗೆ ಬಂದೆರಗುವ ವಿಶ್ವಕಿರಣಗಳು ವಾತಾವರಣದಲ್ಲಿ ಅನೇಕ ಸೂಕ್ಷ್ಮಕಣಗಳನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ನ್ಯೂಟ್ರಿನೊ ಎಂಬ ಕಣ ಇಡೀ ಭೂಗೋಲವನ್ನೇ ತೂರಿಹೋಗಬಲ್ಲದು; ಯಾವುದರೊಡನೆಯೂ ಸುಲಭವಾಗಿ ವರ್ತಿಸದಿರುವುದರಿಂದ ಅದನ್ನು ಹಿಡಿಯುವುದು ಅತಿ ಕಠಿನ. ನೆಲದ ಮೇಲೆ ಇತರ ಕಣಗಳ ಗದ್ದಲದಲ್ಲಿ ಅದರ ಸುಳಿವೇ ಸಿಗದು. ಆ ಗದ್ದಲವನ್ನು ತಡೆಯಲು ತಲೆಯ ಮೇಲೆ ಎರಡು ಕಿಲೋಮೀಟರಿಗೂ ದಪ್ಪವಾದ ಬಂಡೆಯ ಚಾವಣಿ ಬೇಕು. ಯಾವ ವಿಶ್ವವಿದ್ಯಾಲಯವೂ ಅಂಥ ಚಾವಣಿಯನ್ನು ಕಟ್ಟಲಾರದು. ಗಣಿಯು ಚಿನ್ನಕ್ಕಾಗಿ ಅದನ್ನು ಆಗಲೇ ಸಿದ್ಧಪಡಿಸಿತ್ತು.

ಹೋಮಿ ಭಾಭಾ ಅವರ ಪ್ರೇರಣೆಯಿಂದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಇಲ್ಲಿ ಅಳತೆಗಳನ್ನು ಆರಂಭಿಸಿದರು. ಅವರು ನಂಜನಗೂಡಿನವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಮುಂದೆ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯವೂ ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯವೂ ಬಂದು ಸೇರಿದವು. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಸ್ಥಾಪಿಸಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು 1965ರಲ್ಲಿ ಈ ಮೂವರು ಕೂಡಿ ಪ್ರಕಟಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇನ್ನೊಂದು ತಂಡ ಇದೇ ಫಲವನ್ನು ಪಡೆಯಿತು. ಜಗತ್ತಿನಲ್ಲಿ ಮೊದಲಿಗರೆಂಬ ಗೌರವ ಈ ಎರಡು ಗಣಿಗಳಿಗೆ ಸಲ್ಲುತ್ತದೆ. 1980ರ ಸುಮಾರಿಗೆ 140 ಟನ್ ತೂಕದ ಮತ್ತೊಂದು ಉಪಕರಣವನ್ನು ಇಲ್ಲಿಯೇ ಇಳಿಸಿ, ಪ್ರೋಟಾನ್ ಕಣವು ಶಿಥಿಲವಾಗುವುದೇ ಎಂಬ ಶೋಧವನ್ನೂ ನಡೆಸಲಾಯಿತು. ಆ ಟನ್ನುಗಟ್ಟಲೆ ಕಬ್ಬಿಣವು ಅದಿರನ್ನೂ ಕಾರ್ಮಿಕರನ್ನೂ ಸಾಗಿಸಲೆಂದೇ ಇದ್ದ ಶಾಫ್ಟುಗಳ ಮೂಲಕ ಇಳಿಯಬೇಕಾಗಿತ್ತೆಂಬುದನ್ನು ನೆನೆದರೆ, ಗಣಿಯ ಕಾರ್ಮಿಕರಿಗೆ ಈ ವಿಜ್ಞಾನದಲ್ಲಿದ್ದ ಪಾಲು ಮನವರಿಕೆಯಾದೀತು.

ಇಲ್ಲಿ ಉಪಕಾರ ಗಣಿಯಿಂದ ವಿಜ್ಞಾನಕ್ಕೆ. ಪ್ರತಿಯಾಗಿ ವಿಜ್ಞಾನದಿಂದ ಗಣಿಗೆ ಬಂದದ್ದು ಬಂಡೆಯ ಅಧ್ಯಯನ. ಒತ್ತಡ ತಾಳಲಾರದೆ ಆಳದ ಬಂಡೆ ಹಠಾತ್ತನೆ ಸಿಡಿಯುವುದನ್ನು ಅಲ್ಲಿನವರು 'ಏರ್‌ಬ್ಲಾಸ್ಟ್' ಎನ್ನುತ್ತಿದ್ದರು. ಅದಕ್ಕೆ ಬಲಿಯಾದ ಕಾರ್ಮಿಕರು ಅನೇಕರು. ಇದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ, ಕೆಲಸಗಾರನ ಪ್ರಾಣದ ಪ್ರಶ್ನೆ. ಭೂಕಂಪಮಾಪಕಗಳನ್ನು ಅಳವಡಿಸಿ ಬಂಡೆಯ ಸದ್ದನ್ನು ಆಲಿಸುವ ವಿದ್ಯೆ ಇಲ್ಲಿ ಬೆಳೆಯಿತು. ಈ ಪರಂಪರೆಯಿಂದಲೇ 1988ರಲ್ಲಿ ಕೆ.ಜಿ.ಎಫ್.ನಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಉದಿಸಿತು. ದೇಶದ ಸುರಂಗಗಳಿಗೂ ಜಲವಿದ್ಯುತ್ ಯೋಜನೆಗಳಿಗೂ ಅದು ಸಲಹೆ ನೀಡುತ್ತ ಬಂದಿದೆ.

ಗಣಿಯ ಆಳದ ಭಾಗಗಳು ಮುಚ್ಚುತ್ತ ಬಂದಂತೆ ನ್ಯೂಟ್ರಿನೊ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳನ್ನು ನೀರು ತುಂಬಿತು. ಶಿಲಾಯಂತ್ರಶಾಸ್ತ್ರ ಸಂಸ್ಥೆಯ ಕೇಂದ್ರ ಕಚೇರಿಯೂ ಮುಂದೆ ಬೆಂಗಳೂರಿಗೆ ಹೋಯಿತು. ವಿದ್ಯೆ ಉಳಿಯಿತು, ಜಿಲ್ಲೆಯಲ್ಲಿ ಉಳಿಯಲಿಲ್ಲ. ಆ ವಿದ್ಯೆಯನ್ನು ಇಲ್ಲಿಯೇ ಹಿಡಿದಿಡಬಲ್ಲ ವಿಶ್ವವಿದ್ಯಾಲಯವೊಂದು ಅಂದು ಕೋಲಾರದಲ್ಲಿರಲಿಲ್ಲವೆಂಬುದು ಇದಕ್ಕೆ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಇಂದು ಆ ಕೊರತೆಯಿಲ್ಲ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲಿದೆ. ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಇತ್ತ ಮಾಲೂರು, ವೇಮಗಲ್, ನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ನರಸಾಪುರದಲ್ಲಿ ಹೋಂಡಾ ಸ್ಕೂಟರುಗಳೂ, 2023ರಲ್ಲಿ ಟಾಟಾ ಸಂಸ್ಥೆಯ ವಶಕ್ಕೆ ಬಂದ ಕಾರ್ಖಾನೆಯಲ್ಲಿ ಐಫೋನುಗಳೂ ತಯಾರಾಗುತ್ತವೆ. ಆದರೆ ಇವುಗಳ ವಿನ್ಯಾಸವೆಲ್ಲ ಬಹುಮಟ್ಟಿಗೆ ಅನ್ಯತ್ರ. ಜೋಡಣೆಯ ಕೆಲಸಕ್ಕೆ ಕೈಗಳು ಬೇಕು; ಪ್ರಶ್ನೆಗಳು ಹುಟ್ಟುವ ಜಾಗ ಬೇರೆ. ಅಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಶ್ರಮವನ್ನು ಕಡಿಮೆಯೆಣಿಸಿ ಹೀಗೆ ಹೇಳುತ್ತಿಲ್ಲ.

ನಮ್ಮದೇ ಆದ ಪ್ರಶ್ನೆ ಬೇಕಾದರೆ ಶ್ರೀನಿವಾಸಪುರದ ಮಾವಿನ ತೋಪಿಗೆ ಹೋಗಬೇಕು. ಅಲ್ಲಿನ ತೋತಾಪುರಿ ಕಾಯಿ ಬಹುಪಾಲು ತಿರುಳು ತೆಗೆಯುವ ಕಾರ್ಖಾನೆಗಳನ್ನೇ ನಂಬಿದ ಬೆಳೆ. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿವೆ. 2025ರ ಜೂನ್ ತಿಂಗಳಲ್ಲಿ ಅಲ್ಲಿನ ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ಪ್ರವೇಶವನ್ನು ನಿಷೇಧಿಸಿದಾಗ, ಬೆಲೆ ಮೊದಲೇ ಕುಸಿದಿದ್ದ ನಮ್ಮ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಮುಳಬಾಗಿಲು, ಕೋಲಾರಗಳ ಟೊಮೆಟೊ ಬೆಳೆಗಾರನ ಪಾಡೂ ಒಂದೊಂದು ವರ್ಷ ಇಷ್ಟೇ. ಕಡಮೆ ಬಂಡವಾಳದ ತಿರುಳು ಘಟಕ ಹೇಗಿರಬೇಕು, ಸುಗ್ಗಿಯಿಲ್ಲದ ತಿಂಗಳುಗಳಲ್ಲಿ ಅದೇ ಯಂತ್ರ ಟೊಮೆಟೊಗೆ ಒದಗೀತೆ, ಉಳಿದ ಸಿಪ್ಪೆ ಓಟೆಗಳಿಂದ ಏನಾದೀತು, ಇವು ಪ್ರಯೋಗಶಾಲೆ ಉತ್ತರಿಸಬಹುದಾದ ಪ್ರಶ್ನೆಗಳು. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆ ಸಂಶೋಧನ ಕೇಂದ್ರವೂ ಇದೆ. ಇಲ್ಲದಿರುವುದು ಬೆಳೆಗಾರ, ಉದ್ಯಮಿ, ಅಧ್ಯಾಪಕ ಈ ಮೂವರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಏರ್ಪಾಡು.

ಈ ಸಂಚಿಕೆಯ ವಾಚಕರಲ್ಲಿ ತೋಪಿನ ಒಡೆಯರಿದ್ದಾರೆ, ಮಾಲೂರಿನಲ್ಲಿ ಸಣ್ಣ ಕೈಗಾರಿಕೆ ನಡೆಸುವವರಿದ್ದಾರೆ, ಕಾಲೇಜು ಅಧ್ಯಾಪಕರೂ ಇದ್ದಾರೆ. ದಾನಿಗಳು ಮುಂದಿನ ಬಾರಿ ಒಂದು ಕೊಠಡಿಗೆ ಬದಲಾಗಿ, ಒಬ್ಬ ಸಂಶೋಧನ ವಿದ್ಯಾರ್ಥಿಗೆ ಎರಡು ಸುಗ್ಗಿಗಳ ಕಾಲ ವೇತನವನ್ನು ಕೊಟ್ಟು, ಒಂದು ತಿರುಳು ಘಟಕದಲ್ಲಿಯೇ ಇದ್ದು ಕೆಲಸ ಮಾಡಲು ಕಳುಹಿಸುವ ಯೋಚನೆಯನ್ನು ಪರಿಶೀಲಿಸಬಹುದು. ಆತ ಬರೆದ ವರದಿಯ ಒಂದು ಪ್ರತಿ ನಮ್ಮ ಶಾಲೆಯ ಗ್ರಂಥಭಂಡಾರಕ್ಕೂ ಬರಲಿ.