ಗುಂಯ್ ಸದ್ದು ಒಳಹೊಕ್ಕಿದ್ದು ಎಲ್ಲಿಂದ?

ಒಂದು ಎಲ್‌ಎಂ386 ಐಸಿ, 8 ಓಮ್‌ನ ಸ್ಪೀಕರ್, ನಾಲ್ಕಾರು ಕೆಪಾಸಿಟರ್ ಇದ್ದರೆ ಪುಟ್ಟ ಆಂಪ್ಲಿಫೈಯರ್ ಸಿದ್ಧ. 9 ವೋಲ್ಟ್ ಬ್ಯಾಟರಿಯಲ್ಲಿ ಹಾಡು ತಿಳಿಯಾಗಿ ಕೇಳುತ್ತದೆ. ಅದನ್ನೇ ಕರೆಂಟಿಗೆ ಹಾಕಿದರೆ ಯಾರೋ ತಂಬೂರಿ ಮೀಟುತ್ತ ಕೂತಂತೆ ಹಿಂದೊಂದು ಗುಂಯ್ ಸದ್ದು. ಆಗ ಹೆಚ್ಚಿನವರು ಇನ್ನೂ ದೊಡ್ಡ ಫಿಲ್ಟರ್ ಕೆಪಾಸಿಟರ್ ತಂದು ಬೆಸೆಯುತ್ತಾರೆ. ಅದರಿಂದ ಸದ್ದು ತಗ್ಗಬಹುದು, ಹೆಚ್ಚಲೂಬಹುದು.

ಬೆಸುಗೆ ಕಡ್ಡಿ ಹಿಡಿಯುವ ಮೊದಲು ಕಿವಿಗೊಡಿ. ವಾಲ್ಯೂಮ್ ಪೂರ್ತಿ ಇಳಿಸಿದಾಗ ಸದ್ದು ನಿಂತರೆ ಅದು ಇನ್‌ಪುಟ್ ವೈರಿನಿಂದ ಬಂದದ್ದು. ಶೀಲ್ಡ್ ವೈರ್ ಹಾಕಿದರೆ ಮುಗಿಯಿತು. ಇಳಿಸಿದರೂ ಉಳಿದು, ಬ್ಯಾಟರಿಗೆ ಬದಲಿಸಿದಾಗ ಮಾಯವಾದರೆ ತೊಂದರೆ ಪವರ್ ಸಪ್ಲೈನದು.

ನಮ್ಮ ಕರೆಂಟು 50 ಹರ್ಟ್ಸ್‌ನದು. ಬ್ರಿಡ್ಜ್ ಡಯೋಡ್ ಎರಡೂ ಅರ್ಧ ಅಲೆಗಳನ್ನು ಬಳಸುವುದರಿಂದ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬುತ್ತದೆ, ನಡುವಿನ 10 ಮಿಲಿಸೆಕೆಂಡು ಬರಿದಾಗುತ್ತ ಹೋಗುತ್ತದೆ. ಈ ಏರಿಳಿತವೇ ರಿಪಲ್. 200 ಮಿಲಿಆಂಪ್ ಎಳೆದಾಗ 1000 ಮೈಕ್ರೋಫ್ಯಾರಡ್‌ನಲ್ಲಿ ಅದು ಸುಮಾರು 2 ವೋಲ್ಟ್, 220ರಲ್ಲಿ 9 ವೋಲ್ಟ್. 12 ವೋಲ್ಟ್ ಟ್ರಾನ್ಸ್‌ಫಾರ್ಮರಿನ ತುದಿ ವೋಲ್ಟೇಜ್ 17. ಎರಡು ಡಯೋಡ್‌ಗಳ 1.4 ಕಳೆದರೆ ಉಳಿಯುವುದು 15.5. ಮುಂದೆ 7809 ರೆಗ್ಯುಲೇಟರ್ ಇದ್ದರೆ ಅದಕ್ಕೆ ಯಾವಾಗಲೂ 11 ವೋಲ್ಟ್ ಆದರೂ ಸಿಗಬೇಕು. 1000 ಮೈಕ್ರೋಫ್ಯಾರಡ್ ಇದ್ದರೆ ತಗ್ಗು 13.5ಕ್ಕೇ ನಿಲ್ಲುತ್ತದೆ. 220 ಇದ್ದರೆ 6.5ಕ್ಕೆ ಕುಸಿದು ರೆಗ್ಯುಲೇಟರ್ ಕೈಚೆಲ್ಲುತ್ತದೆ. ರೆಗ್ಯುಲೇಟರ್ ಹಾಕಿಯೂ ಸದ್ದು ಹೋಗದವರು ಮೊದಲು ಈ ಲೆಕ್ಕ ನೋಡಬೇಕು.

ಐಸಿಯ 7ನೇ ಪಿನ್ ಖಾಲಿ ಬಿಟ್ಟ ಸರ್ಕ್ಯೂಟುಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಪಿನ್ ಇರುವುದೇ ಸಪ್ಲೈ ಸದ್ದನ್ನು ತಡೆಯಲು. ಅಲ್ಲಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿದಾಗ 1 ಕಿಲೋಹರ್ಟ್ಸ್‌ನಲ್ಲಿ 50 ಡೆಸಿಬಲ್, ಅಂದರೆ ಮುನ್ನೂರು ಪಟ್ಟು ತಡೆ ಸಿಗುತ್ತದೆ. 100 ಹರ್ಟ್ಸ್‌ನಲ್ಲಿ ಫಲ ಕಡಿಮೆ, ಹಾಗಾಗಿ ನಾನು 47 ಹಾಕುತ್ತೇನೆ.

ಇಷ್ಟೆಲ್ಲ ಮಾಡಿದರೂ ಗೊರಗೊರ ಉಳಿದರೆ ಗ್ರೌಂಡ್ ದಾರಿ ಹುಡುಕಿ. ಕೆಪಾಸಿಟರ್ ಕರೆಂಟನ್ನು ಹದವಾಗಿ ಹೀರುವುದಿಲ್ಲ, ಅಲೆಯ ತುದಿಯಲ್ಲಿ ಗಬಕ್ಕನೆ ನುಂಗುತ್ತದೆ. ಸರಾಸರಿ 200 ಮಿಲಿಆಂಪ್ ಇದ್ದರೂ ಆ ಗುಟುಕು 1 ಆಂಪ್ ದಾಟಬಹುದು. ಕೆಪಾಸಿಟರ್ ದೊಡ್ಡದಾದಷ್ಟೂ ಗುಟುಕಿನ ಅವಧಿ ಕಿರಿದು, ಎತ್ತರ ಹೆಚ್ಚು. ಇನ್‌ಪುಟ್ಟಿನ ಗ್ರೌಂಡೂ ಅದೇ ತಂತಿಯಲ್ಲಿದ್ದರೆ, ತಂತಿಯ ರೋಧ ಬರೀ 20 ಮಿಲಿಓಮ್ ಆದರೂ 20 ಮಿಲಿವೋಲ್ಟ್ ಇನ್‌ಪುಟ್ಟಿಗೆ ಸೇರುತ್ತದೆ. ಐಸಿ ಅದನ್ನು 20 ಪಟ್ಟು ಹಿಗ್ಗಿಸಿ ಸ್ಪೀಕರಿಗೆ 400 ಮಿಲಿವೋಲ್ಟ್ ಕೊಡುತ್ತದೆ. ಇದಕ್ಕೆ ಯಾವ ರೆಗ್ಯುಲೇಟರೂ ಮದ್ದಲ್ಲ. ಬ್ರಿಡ್ಜಿನ ಮೈನಸ್ಸನ್ನು ನೇರ ಫಿಲ್ಟರ್ ಕೆಪಾಸಿಟರಿನ ಮೈನಸ್ಸಿಗೆ ತನ್ನಿ. ಆ ತಂತಿಗೆ ಬೇರೇನನ್ನೂ ಕಟ್ಟಬೇಡಿ. ಕೆಪಾಸಿಟರಿನ ಕಾಲಿನಿಂದಲೇ ಸ್ಪೀಕರಿಗೊಂದು, ಐಸಿಯ 4ನೇ ಪಿನ್ನಿಗೊಂದು, ಇನ್‌ಪುಟ್ಟಿಗೊಂದು ಪ್ರತ್ಯೇಕ ವೈರ್ ಎಳೆಯಿರಿ.

ಮುಂದೆ ಮೈಕ್ ಪ್ರಿಆಂಪ್ ಇದ್ದರೆ ಅದರ ಸಪ್ಲೈಗೆ 100 ಓಮ್ ರೆಸಿಸ್ಟರ್, ಆಚೆ ಬದಿಯಿಂದ ಗ್ರೌಂಡಿಗೆ 470 ಮೈಕ್ರೋಫ್ಯಾರಡ್ ಹಾಕಿ. 100 ಹರ್ಟ್ಸ್ ರಿಪಲ್ ಮೂವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. 5 ಮಿಲಿಆಂಪಿಗೆ ಕಳೆದುಕೊಳ್ಳುವುದು ಅರ್ಧ ವೋಲ್ಟ್ ಮಾತ್ರ. ಜೊತೆಗೆ 6 ಮತ್ತು 4ನೇ ಪಿನ್ನುಗಳ ನಡುವೆ, ಐಸಿಗೆ ಒತ್ತಿಕೊಂಡಂತೆ, 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಇರಲಿ.

ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೂ ಇನ್‌ಪುಟ್ ವೈರಿಗೆ 50 ಹರ್ಟ್ಸ್ ಸದ್ದು ಹೊಗಿಸುತ್ತದೆ. ಆದ್ದರಿಂದ ಅದನ್ನು ಪೆಟ್ಟಿಗೆಯ ಆಚೆ ಮೂಲೆಯಲ್ಲಿಡಿ, ಸ್ಕ್ರೂ ಬಿಗಿಯುವ ಅವಸರ ಬೇಡ. 230 ವೋಲ್ಟಿನ ತುದಿಗಳನ್ನೆಲ್ಲ ಸ್ಲೀವ್ ಹಾಕಿ ಮುಚ್ಚಿ. ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರನ್ನು ತುಸು ತಿರುಗಿಸಿ, ಮತ್ತೆ ಹಾಕಿ ಸ್ಪೀಕರಿಗೆ ಕಿವಿಯಿಡಿ. ಎಲ್ಲಿ ಸದ್ದು ಅತಿ ಕಡಿಮೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ರಂಧ್ರ ಕೊರೆಯಿರಿ.